ಮೊದಲ ಪಾಳಿಯ ನಷ್ಟ

ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ಈಗ ಓಡಾಡುತ್ತಿರುವ ಕಥೆಯ ಪ್ರಕಾರ, ಎಂಟು ವರ್ಷ ಒಂದು ಸೊಲ್ಲಿಲ್ಲದೆ ನಡೆದುಕೊಂಡು ಬಂದ ಹೆಣ್ಣುಮಕ್ಕಳ ಚೀಟಿಯನ್ನು, ಅಂದರೆ ಭಿಶಿಯನ್ನು, ಒಬ್ಬ ಲೆಕ್ಚರರ್ ಚಹಾ ಆರುವುದರೊಳಗೆ ಕೆಡಿಸಿ ಹಾಕಿದಳು. ಆ ಲೆಕ್ಚರರ್ ನಾನು. ಈ ಕಥೆಗೆ ನನ್ನ ಆಕ್ಷೇಪಣೆಗಳಿವೆ. ಮೊದಲನೆಯದು, ಅವತ್ತು ಚಹಾ ಇನ್ನೂ ಬಂದೇ ಇರಲಿಲ್ಲ. ಎರಡನೆಯದು, ನಾನು ಕೆಡಿಸಿದ್ದಲ್ಲ, ಸರಿಪಡಿಸಿದ್ದು. ಸರಿಪಡಿಸಿದ್ದರಿಂದ ಕೆಟ್ಟಿತು ಎಂದರೆ ತಪ್ಪು ಯಾರದು ಎಂಬುದು ಬೇರೆಯೇ ಚರ್ಚೆಯ ವಿಷಯ. ಕ್ಷಮಿಸಿ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, 'ವಿಷಯದ ಪರ', 'ವಿಷಯದ ವಿರುದ್ಧ' ಎನ್ನದೆ ನನಗೆ ಪುಂಡಿಪಲ್ಯದ ತಟ್ಟೆಯ ಮುಂದೆ ಕೂರುವುದಕ್ಕೂ ಬರುವುದಿಲ್ಲ. ಗೆದ್ದ ಕಪ್ಪುಗಳು ಮನೆಯ ಷೋಕೇಸಿನಲ್ಲಿವೆ. ಒಂದರಲ್ಲಿ ಅವ್ವ ಹಳೆಯ ಗುಂಡಿಗಳನ್ನು ಹಾಕಿಟ್ಟಿದ್ದಾಳೆ, ಇನ್ನೊಂದರಲ್ಲಿ ರಬ್ಬರ್ ಬ್ಯಾಂಡುಗಳನ್ನು. ನನ್ನ ವಾದಶಕ್ತಿಯಿಂದ ಈ ಮನೆಗೆ ಆಗಿರುವ ಪ್ರಯೋಜನ ಇಷ್ಟೇ ಎಂದು ಆಕೆ ಬಂದವರಿಗೆಲ್ಲ ತೋರಿಸುತ್ತಾಳೆ.

ನಾನು ಪಾಠ ಮಾಡುವುದು ಊರಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ವಿಷಯ: ಎಂಜಿನಿಯರುಗಳಿಗೆ ಹಣಕಾಸಿನ ವಿಧಾನಗಳು. ಎಂಜಿನಿಯರುಗಳಿಗೆ ಅದೆಲ್ಲ ಯಾಕೆ ಎಂದು ನೀವು ಕೇಳಬಹುದು. ನನ್ನ ಮೆಕ್ಯಾನಿಕಲ್ ಹುಡುಗರೂ ಅದನ್ನೇ ಕೇಳುತ್ತಾರೆ. ಅವರು ಬಂದದ್ದು ಯಂತ್ರ ಬಿಚ್ಚಲಿಕ್ಕೆ, ನಾನು ಹೇಳಿಕೊಡುವುದು ಆ ಯಂತ್ರ ಕೊಳ್ಳಬೇಕೋ ಬೇಡವೋ ಎಂಬುದನ್ನು. ಅದೂ ಮಧ್ಯಾಹ್ನ ಎರಡು ಗಂಟೆಗೆ, ಕ್ಯಾಂಟೀನಿನ ಊಟ ಹೊಟ್ಟೆಯಲ್ಲಿ ಇಳಿಯುವ ಹೊತ್ತಿಗೆ, ಕಲಬುರಗಿಯ ಬಿಸಿಲಿನಲ್ಲಿ. ಪುಸ್ತಕದ ಎಲ್ಲ ಲೆಕ್ಕಗಳೂ 'ಒಂದು ಕಂಪನಿ ಒಂದು ಲೇಥ್ ಯಂತ್ರವನ್ನು ಕೊಳ್ಳಲು ಯೋಚಿಸುತ್ತಿದೆ' ಎಂದು ಶುರುವಾಗುತ್ತವೆ. ಮೊದಲ ವಾರವೇ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು ಬಹಳ ವಿನಯದಿಂದ, "ಮೇಡಂ, ಆ ಕಂಪನಿ ನಮ್ಮ ಕಾಲೇಜಿಗೆ ಕ್ಯಾಂಪಸ್ ಇಂಟರ್‌ವ್ಯೂಗೆ ಬರ್ತದೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾರ ಅದು ಲೇಥ್ ತಗೊಂಡ್ರ ನಮಗೇನ್ರಿ, ಬಿಟ್ರ ನಮಗೇನ್ರಿ?" ಎಂದು ಕೂತ. ವಾದದಲ್ಲಿ ಲೋಪವಿರಲಿಲ್ಲ. ಮೆಚ್ಚಿಕೊಂಡೆ, ಹಾಜರಿಯನ್ನೂ ಹಾಕಿದೆ.

ಇಂದಿನ ರೊಕ್ಕ ನಾಳಿನ ರೊಕ್ಕಕ್ಕಿಂತ ದೊಡ್ಡದು, ಅಂದರೆ ಈವತ್ತು ಕೈಗೆ ಬಂದ ನೂರು ರೂಪಾಯಿ ಮುಂದಿನ ವರ್ಷ ಬರುವ ನೂರು ರೂಪಾಯಿಗಿಂತ ಹೆಚ್ಚು ಎಂಬುದೇ ನನ್ನ ವಿಷಯದ ತಳಪಾಯ. ಇದನ್ನು ಅವರ ತಲೆಗಿಳಿಸಲು ಲೇಥ್ ಬಿಟ್ಟು ಬೇರೆ ಏನಾದರೂ ಬೇಕಿತ್ತು. ಆಗ ಹೊಳೆದದ್ದು ಅವ್ವನ ಭಿಶಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹನ್ನೆರಡು ಜನ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಸಮನಾಗಿ ರೊಕ್ಕ ಹಾಕುತ್ತಾರೆ, ಚೀಟಿ ಎತ್ತುತ್ತಾರೆ, ಯಾರ ಹೆಸರು ಬಂತೋ ಆ ತಿಂಗಳ ಗಂಟು ಪೂರ್ತಿ ಅವರಿಗೆ. ವರ್ಷ ಮುಗಿಯುವುದರೊಳಗೆ ಎಲ್ಲರಿಗೂ ಒಂದೊಂದು ಪಾಳಿ. ಬಡ್ಡಿಯಿಲ್ಲ, ಬ್ಯಾಂಕಿಲ್ಲ, ತಿನ್ನಲು ಮಂಡಾಳ ಚೂಡಾ ಮತ್ತು ಮಿರ್ಚಿ ಮಾತ್ರ ಇವೆ. ತರಗತಿಯನ್ನು ಎರಡು ಭಾಗ ಮಾಡಿ, ಮೊದಲ ಪಾಳಿ ಒಳ್ಳೆಯದೋ ಕೊನೆಯ ಪಾಳಿ ಒಳ್ಳೆಯದೋ ವಾದಿಸಿ ಎಂದೆ. ನಿದ್ದೆ ಹಾರಿಹೋಯಿತು. ಮೊದಲ ಪಾಳಿಯವರು ಲೆಕ್ಕ ಹಾಕಿ ಕೊನೆಯ ಪಾಳಿಯವರನ್ನು ಬೋರ್ಡಿನ ಮೇಲೆ ನೆಲಸಮ ಮಾಡಿದರು. ಬೇಗ ಬಂದಷ್ಟೂ ಲಾಭ, ತಡವಾದಷ್ಟೂ ನಷ್ಟ, ಎಲ್ಲರಿಗಿಂತ ಮೋಸಹೋಗುವವಳು ಕೊನೆಯವಳು. ನಾನು ಹೆಮ್ಮೆಯಿಂದ ಚಾಕ್‌ಪೀಸಿನ ಪುಡಿ ಕೊಡವಿಕೊಳ್ಳುತ್ತಿದ್ದಾಗ ಶರಣು ಎದ್ದು ನಿಂತ.

ಶರಣು ಕಮಲಾಪುರದ ಹುಡುಗ. ಅವನ ಅವ್ವ ಮಹಾದೇವಿ ಮಾವಶಿಯ ತವರುಮನೆ ನಮ್ಮ ಓಣಿಯೇ. ಕೆಂಪು ಬಾಳೆಯ ತೋಟವಿರುವ ಕೂಡುಕುಟುಂಬಕ್ಕೆ ಮದುವೆಯಾಗಿ ಹೋದರೂ ಭಿಶಿಯ ದಿನ ತಪ್ಪದೆ ಬಸ್ಸು ಹತ್ತಿ ಬರುತ್ತಾಳೆ. "ಮೇಡಂ," ಎಂದ ಶರಣು, "ನಮ್ಮ ಅವ್ವಗ ಎಂಟು ವರ್ಷ ಆತು, ಪ್ರತಿ ವರ್ಷ ಕಡೀ ಪಾಳಿನೇ ಬರ್ತದ್ರಿ. ಚೀಟಿ ಅಂದಮ್ಯಾಲ ಒಮ್ಮೆರ ಮೊದಲ ಬರಬೇಕಲ್ರಿ? ಇದು ನಸೀಬೋ, ಇಲ್ಲಾ ಯಾರರ ಮಾಡಾಕತ್ತಾರೋ?" ಇಡೀ ತರಗತಿ ನನ್ನತ್ತ ತಿರುಗಿತು. ಆ ಭಿಶಿ ನಡೆಸುವವಳು ನನ್ನವ್ವ ಎಂಬುದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಇನ್ನೆರಡು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಯಿತು. ಎಂಟು ವರ್ಷವೂ ಕೊನೆಯ ಚೀಟಿ ಒಬ್ಬಳಿಗೇ ಬರುವ ಸಂಭವ ಎಷ್ಟು ಎಂದು ಮುಂದಿನ ಬೆಂಚಿನವನು ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ನೋಡಿದ. ಉತ್ತರ ಪರದೆಯಲ್ಲಿ ಹಿಡಿಸಲಿಲ್ಲ.

ನಾನು ಸಂಶಯದ ಮನುಷ್ಯಳು. ದೇವರನ್ನೂ ರಸೀದಿ ಕೇಳುವವಳು ಎಂದು ಅವ್ವ ಬೈಯುವುದುಂಟು. ಅಂಥವಳು ನನ್ನ ಮನೆಯಲ್ಲೇ ನಡೆಯುವ ಅನ್ಯಾಯವನ್ನು ಬಿಡಲುಂಟೇ? ಆದರೂ ಅವ್ವನ ಮೇಲೆ ಆರೋಪ ಹೊರಿಸಲು ಮನಸ್ಸಾಗದೆ, ಚೀಟಿ ಮಡಿಚುವುದರಲ್ಲೇ ಏನೋ ದೋಷವಿರಬೇಕೆಂದು ತೀರ್ಮಾನಿಸಿದೆ. ಜುಲೈನಲ್ಲಿ ಹೊಸ ಸುತ್ತು ಶುರುವಾಗುವ ದಿನ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಸ್ಟೀಲಿನ ತಂಬಿಗೆಗೆ ಅವ್ವ ಕೈ ಹಾಕುವ ಮೊದಲೇ ಎದ್ದು ನಿಂತು, "ಇನ್ನ ಮ್ಯಾಲೆ ಚೀಟಿ ಬ್ಯಾಡ, ಮೊಬೈಲಿನಾಗ ಚಕ್ರ ತಿರುಗಸೋಣ. ಹನ್ನೆರಡು ಹೆಸರು ಹಾಕೀನಿ. ಯಾರದೂ ಕೈವಾಡ ಇರಂಗಿಲ್ಲ" ಎಂದು ಘೋಷಿಸಿದೆ. ಹನ್ನೆರಡು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಶಾಂತಾ ವೈನಿ ಸೆರಗಿನ ತುದಿ ಸುತ್ತಿಕೊಳ್ಳತೊಡಗಿದಳು. "ಯಾಕ ಪಾರಿ, ತಂಬಗಿ ಏನ್ ಮಾಡ್ಯಾದ ನಿನಗ?" ಎಂದಳು ಅವ್ವ. ಕೈವಾಡವಿಲ್ಲದ ಪದ್ಧತಿಯನ್ನು ವಿರೋಧಿಸುವವರು ಕಾರಣ ಕೊಡಬೇಕು ಎಂದೆ. ಯಾರೂ ಕೊಡಲಿಲ್ಲ. ಎದುರಾಳಿ ಸುಮ್ಮನಿದ್ದರೆ ಗೆಲುವು ನಮ್ಮದು ಎಂಬ ನಿಯಮದಂತೆ ಚಕ್ರ ತಿರುಗಿಸಿದೆ. ಅದು ಬಣ್ಣಬಣ್ಣವಾಗಿ ಸುತ್ತಿ, ಟಿಕಟಿಕ ಎಂದು ನಿಧಾನವಾಗಿ, ಒಂದು ಹೆಸರಿನ ಮೇಲೆ ನಿಂತಿತು. ಮಹಾದೇವಿ!

ಬಾಗಿಲಲ್ಲಿ ತನ್ನ ಅವ್ವನನ್ನು ಕರೆದೊಯ್ಯಲು ಬಂದು ನಿಂತಿದ್ದ ಶರಣು ಕೇಕೆ ಹಾಕಿ, ಆ ಕ್ಷಣವೇ ಊರಿಗೆ ಫೋನ್ ಹಚ್ಚಿದ. "ಕಾಕಾ, ಅವ್ವಂದು ಮೊದಲ ಪಾಳಿ ಬಂತು!" ನ್ಯಾಯ ಗೆದ್ದಿತು ಎಂದು ನಾನು ಮಹಾದೇವಿ ಮಾವಶಿಯತ್ತ ನೋಡಿದೆ. ಅಭಿನಂದನೆ ಸ್ವೀಕರಿಸುವವರ ಮುಖ ಹಾಗಿರುವುದಿಲ್ಲ. ಹಲ್ಲು ಕೀಳಿಸಲು ಹೋದವಳಿಗೆ ಬೇರೆ ಹಲ್ಲು ಕಿತ್ತು ಕೈಯಲ್ಲಿಟ್ಟ ಹಾಗಿತ್ತು. ಚೂಡಾ ಯಾರೂ ಮುಟ್ಟಲಿಲ್ಲ. ಚಹಾ ಬರುವುದರೊಳಗೆ ಅರ್ಧ ಜನ ಎದ್ದು ಹೋದರು.

ಸಂಜೆ ಅವ್ವ ರೊಟ್ಟಿ ಬಡಿಯುತ್ತ ಮಾತಾಡಿದಳು. ಆಕೆ ರೊಟ್ಟಿ ಬಡಿಯುವಾಗ ವಾದ ಮಾಡಬಾರದು, ಒಂದೊಂದು ಮಾತಿಗೂ ಒಂದೊಂದು ತಾಳ ಬೀಳುತ್ತದೆ. "ಎಂಟು ವರ್ಷ ಚೀಟಿ ಓದಿದಾಕಿ ಯಾರು?" "ನೀನು." "ನನ್ನ ಚಸ್ಮಾ ಎಲ್ಲಿರ್ತಿತ್ತು?" ಯೋಚಿಸಿದೆ. ಬಸ್ಸಿನ ಬೋರ್ಡನ್ನೂ ಕನ್ನಡಕವಿಲ್ಲದೆ ಓದಲಾರದ ನನ್ನವ್ವ ಪ್ರತಿ ತಿಂಗಳೂ ಉಗುರಗಲದ ಚೀಟಿಯನ್ನು ಬರಿಗಣ್ಣಿನಲ್ಲಿ ಓದುತ್ತಿದ್ದಳು! ಕನ್ನಡಕ ಟಿವಿಯ ಮೇಲಿರುತ್ತಿತ್ತು. ಚೀಟಿಯಲ್ಲಿ ಏನಿದ್ದರೂ, ಆ ತಿಂಗಳು ಯಾರಿಗೆ ಅಡಚಣೆಯಿದೆಯೋ ಅವರ ಹೆಸರು ಆಕೆಯ ಬಾಯಲ್ಲಿ ಬರುತ್ತಿತ್ತು. ಚೀಟಿಯನ್ನು ತೋರಿಸು ಎಂದು ಎಂಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಮನೆಯಲ್ಲೇ ಇದ್ದ ಸಂಶಯವಾದಿಯೊಬ್ಬಳನ್ನು ಬಿಟ್ಟು.

"ಇದು ಮೋಸ ಅವ್ವಾ" ಎಂದೆ. "ಯಾರಿಗೆ?" ಎಂದಳು. ಉತ್ತರ ಸಿಗದಿದ್ದಾಗ ಬೇರೆ ಪ್ರಶ್ನೆ ಎತ್ತಬೇಕು. "ಎಲ್ಲರಿಗೂ ಗೊತ್ತಿದ್ರ ಚೀಟಿ ನಾಟಕ ಯಾಕ? ಬೇಕಾದವರು ಕೇಳಿ ತಗೋಬಹುದಲ್ಲ?" ಅವ್ವ ರೊಟ್ಟಿ ತಿರುವಿದಳು. "ಶಾಂತಾನ ಮಗಳು ಬಾಣಂತನಕ್ಕ ಬಂದಾಳ. ಶಾಂತಾ ಬಾಯಿ ಬಿಟ್ಟು ಕೇಳ್ತಾಳೇನು, ನಮಗ ತ್ರಾಸ ಅದ ಅಂತ? ಆಕಿ ಗಂಡಗ ಏನಂತ ಹೇಳಬೇಕು? ಚೀಟಿ ಎದ್ದದ ಅಂದ್ರ ಮುಗೀತು." "ಮತ್ತ ಮಹಾದೇವಿ ಮಾವಶಿ? ಆಕಿಗೇ ಯಾಕ ಯಾವಾಗಲೂ ಕಡೀದು?" "ಆಕೀನೇ ಕೇಳಿ ತಗೊಂಡದ್ದು. ಕೂಡಿದ ಮನಿ. ರೊಕ್ಕ ಕೈಯಾಗ ಬಂದ್ರ ಹತ್ತು ಬಾಯಿ ಕೇಳ್ತಾವ. ಪಾಳಿ ಬಂದಿಲ್ಲ ಅಂದ್ರ ಯಾರೂ ಕೇಳಂಗಿಲ್ಲ. ಜೂನದಾಗ ಬರ್ತದ, ಬಂದ ದಿನಾನೇ ಸೀದಾ ಫೀಸಿಗೆ ಹೋಗ್ತದ. ನಿನ್ನ ಶರಣು ಕಾಲೇಜಿನಾಗ ಕುಂತದ್ದು ಅದೇ ರೊಕ್ಕದಾಗ. ಬಾಳಿ ತೋಟದ್ದು ಅಂತ ಅಂವ ತಿಳದಾನ. ಮುಂದಿನ ಜೂನಕ್ಕ ಅವನ ತಂಗಿ ರೂಪಾನ್ನ ಇಲ್ಲಿ ಹಾಸ್ಟೆಲಿಗೆ ಹಾಕಿ ಪಿಯುಸಿ ಸೈನ್ಸ್ ಓದಸಬೇಕಂತ ಇತ್ತು. ಹುಡುಗಿಗ್ಯಾಕ ಸೈನ್ಸ್ ಅಂತಾನ ಮಹಾದೇವಿ ಮೈದುನ. ಈಗ ನೋಡು, ಆ ರೊಕ್ಕದಾಗ ಅಂವ ಟಂಟಂ ಆಟೋ ತಗೊಳ್ಳಾಕ ನಿಂತಾನಂತ!"

ಮರುದಿನದಿಂದ ಫೋನುಗಳು ಬಂದವು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮಗನ ಪರೀಕ್ಷೆ, ಭಿಶಿ ಇನ್ನು ಸಾಕು ಎಂದು ಮೂವರು ಹೇಳಿದರು. ಚಕ್ರದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅಷ್ಟರಮಟ್ಟಿಗೆ ಅವರು ನನಗಿಂತ ಸಭ್ಯರು. ಅವ್ವ ಫೋನಿಟ್ಟು, "ಕೆಡಿಸಿದಾಕಿ ನೀನ. ಕಮಲಾಪುರಕ್ಕ ಹೋಗಿ ಆ ಪಾಳಿ ತಿರುಗಿ ತಗೊಂಡು ಬಾ. ಮಹಾದೇವಿ ಬ್ಯಾಡ ಅಂದಾಳ ಅಂತ ಎಲ್ಲೂ ಬರಬಾರದು" ಎಂದಳು. ಅಂದರೆ, ನನ್ನ ಜೀವನದಲ್ಲಿ ಮಾಡಿದ ಒಂದೇ ಒಂದು ಪ್ರಾಮಾಣಿಕ ಲಾಟರಿಯನ್ನು ಮೋಸವೆಂದು ನಾನೇ ವಾದಿಸಬೇಕಿತ್ತು!

ಭಾನುವಾರ ಹೋದೆ. ಬಸ್ಸಿಳಿದ ಕಡೆ ಬುಟ್ಟಿಗಳಲ್ಲಿ ಕೆಂಪು ಬಾಳೆಹಣ್ಣು. ಆ ಬಣ್ಣ ನನ್ನ ಮುಖದ್ದೂ ಆಗಿತ್ತೆಂದು ಕಾಣುತ್ತದೆ. ಶರಣುವಿನ ಕಾಕಾ ಬಸವಂತಪ್ಪನವರು ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಟಂಟಂಗಳ ಫೋಟೋ ನೋಡುತ್ತಿದ್ದರು. ಹಳದಿ ಎಂದು ನಿಶ್ಚಯವಾಗಿತ್ತಂತೆ, ಹಿಂದುಗಡೆ ಏನು ಬರೆಸಬೇಕೆಂಬುದಷ್ಟೇ ಬಾಕಿ. "ಬರ್ರಿ ಮೇಡಂ, ನಿಮ್ಮ ಕೈಗುಣ ಚಲೋ ಅದ ನೋಡ್ರಿ" ಎಂದರು. ಒಳಬಾಗಿಲಲ್ಲಿ ಸೆರಗು ಹೊದ್ದು ಮಹಾದೇವಿ ಮಾವಶಿ ನಿಂತಿದ್ದಳು. ರೂಪಾ ನೀರು ತಂದುಕೊಟ್ಟು, ಕಂಬಕ್ಕೊರಗಿ ನನ್ನನ್ನೇ ನೋಡತೊಡಗಿದಳು. ಆ ನೋಟದ ಮುಂದೆ ವಾದ ಶುರುಮಾಡಿದೆ.

ಮೊಬೈಲಿನ ಚಕ್ರ ತಪ್ಪು ತೋರಿಸಿದೆ ಎಂದೆ. "ಏನ್ ತಪ್ಪುರಿ ಮೇಡಂ?" ಎಂದ ಕಾಕಾನ ಪಕ್ಕದಲ್ಲೇ ಕೂತಿದ್ದ ಶರಣು. ಒಂದು ಹೆಸರು ಎರಡು ಸಲ ಬಿದ್ದಿರಬಹುದು ಎಂದೆ. "ಇಲ್ರಿ, ನಾನ ಎಣಿಸೀನಿ, ಹನ್ನೆರಡೇ ಇದ್ದವು." ಎಣಿಸಿದ್ದಕ್ಕೆ ಆಧಾರವೇನು ಎಂದೆ. "ತಪ್ಪು ಅನ್ನೋರು ಆಧಾರ ಕೊಡಬೇಕು ಅಂತ ನೀವ ಹೇಳಿದ್ರಲ್ರಿ?" ಇಂಥ ಒಳ್ಳೆಯ ವಿದ್ಯಾರ್ಥಿಯನ್ನು ತಯಾರು ಮಾಡಿದವರನ್ನು ಹಿಡಿದು ಹೊಡೆಯಬೇಕೆನಿಸಿತು. ದೊಡ್ಡವರ ಮಾತು ಎಂದೆ, ನಂಬಿಕೆ ಎಂದೆ, ನಮ್ಮ ಸಂಸ್ಕೃತಿಯಲ್ಲಿ ತಂಬಿಗೆಯ ಸ್ಥಾನ ಎಂದೆ. ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿ ಯಾವ ಯಾವ ಮಾತಿಗೆ ಮಕ್ಕಳಿಗೆ ಸೊನ್ನೆ ಕೊಟ್ಟಿದ್ದೆನೋ ಅವನ್ನೆಲ್ಲ ಒಂದೊಂದಾಗಿ ಆಡಿದೆ. ಕಾಕಾ ಕದಲಲಿಲ್ಲ. "ಬಂದ ಲಕ್ಷ್ಮೀನ ಹೊಳ್ಳಿ ಕಳಸಬಾರದ್ರಿ" ಎಂದು ಫೋನಿಗೆ ತಿರುಗಿದರು. ಮಾವಶಿ ಕಣ್ಣು ಕೆಳಗೆ ಹಾಕಿದಳು. ರೂಪಾ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಆಗ ನನ್ನ ಬಾಯಿಂದ ಅದು ಬಂತು. "ಸರಿ ಬಿಡ್ರಿ ಕಾಕಾ, ತಗೋರಿ. ಆದ್ರ ತಂಬಗಿಯಾಗ ಎತ್ತಿದ್ರ ಮನಿ ವ್ಯವಹಾರ, ಮೊಬೈಲಿನಾಗ ಎತ್ತಿದ್ದು ಆನ್‌ಲೈನ್. ಆನ್‌ಲೈನ್ ಅಂದಮ್ಯಾಲ ಜಿಎಸ್‌ಟಿ..." ಅಷ್ಟು ಹೇಳಿ ನಿಟ್ಟುಸಿರು ಬಿಟ್ಟೆ. ವಾಕ್ಯ ಮುಗಿಸಲಿಲ್ಲ. ನಾನು ಸುಳ್ಳು ಹೇಳಿದೆ ಎಂದು ಇವತ್ತಿಗೂ ಯಾರೂ ಸಾಧಿಸಲಾರರು. ಕಾಕಾ ಫೋನನ್ನು ಬೋರಲು ಹಾಕಿದರು. "ಜಿಎಸ್‌ಟಿ ಅವರು ಮನೀಗೆ ಬರ್ತಾರೇನ್ರಿ?" "ಅದು ನನಗ ಗೊತ್ತಿಲ್ರಿ" ಎಂದೆ, ಅದೂ ನಿಜವೇ. "ಮೇಡಂ, ಇದು ಯಾವ ಯೂನಿಟಿನಾಗ ಬರ್ತದ್ರಿ?" ಎಂದು ಶರಣು ಕೇಳುವಷ್ಟರಲ್ಲಿ ಕಾಕಾ ಕೈಯೆತ್ತಿ, "ಸುಮ್ಮನಿರೋ! ಕಲಿಸಿದ ಮೇಡಂಗ ತಿಳೀತದೋ ನಿನಗ ತಿಳೀತದೋ? ಬ್ಯಾಡ್ರಿ ಮೇಡಂ, ಮೊದಲಿನಂಗ ತಂಬಗಿಯಾಗ ಎತ್ತರಿ. ನಮ್ಮದು ಕಡೀಗೇ ಬರಲಿ, ತ್ರಾಸ ಇಲ್ಲ" ಎಂದುಬಿಟ್ಟರು. ಗೆದ್ದ ಕಪ್ಪುಗಳಲ್ಲಿ ಯಾವುದೂ ಇಷ್ಟು ಕೆಟ್ಟ ವಾದಕ್ಕೆ ಸಿಕ್ಕಿದ್ದಲ್ಲ.

ಬಸ್ಸಿನವರೆಗೆ ತಾಯಿ ಮಗ ಇಬ್ಬರೂ ಬಂದರು. ಮಹಾದೇವಿ ಮಾವಶಿ ಒಂದು ಚಿಪ್ಪು ಕೆಂಪು ಬಾಳೆಯನ್ನು ನನ್ನ ಚೀಲದಲ್ಲಿ ತುರುಕಿ, ನನ್ನ ಗಲ್ಲ ಸವರಿ, ಸ್ವಲ್ಪ ದೂರ ಹೋಗಿ ನಿಂತಳು. ಶರಣು ಮುಖ ಗಂಟಿಕ್ಕಿಕೊಂಡಿದ್ದ. ಅವನು ತನ್ನ ತಾಯಿಗಾಗಿ ಲೆಕ್ಕ ಹಾಕಿ ನ್ಯಾಯ ಕೇಳಿದ ಹುಡುಗ. ಆ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪಿಲ್ಲ ಎಂದು ಹೇಳಿದರೆ ಅವನ ತಾಯಿಯ ಗುಟ್ಟು ಹೇಳಬೇಕು, ತಪ್ಪಿದೆ ಎಂದರೆ ನನ್ನ ವಿಷಯವನ್ನೇ ಮುಚ್ಚಬೇಕು. ಹುಮನಾಬಾದ್ ಕಡೆಯಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿ ಕೂತಾಗ ಶರಣು ಕಿಟಕಿಯ ಹತ್ತಿರ ಬಂದು, ತಾಯಿಗೆ ಕೇಳಿಸದ ಹಾಗೆ, ಆದರೆ ಪರೀಕ್ಷೆಯ ಹಿಂದಿನ ದಿನದ ಶ್ರದ್ಧೆಯಿಂದ ಕೇಳಿದ:

"ಮೇಡಂ, ಕಡೀ ಪಾಳಿ ಅಂದ್ರ ನಷ್ಟ ಅಂತ ನೀವ ಬೋರ್ಡಿನ ಮ್ಯಾಲೆ ಬರದು ತೋರಿಸಿದ್ರಿ. ಹಂಗಾರ ಮೊದಲನೇದು ಕೈ ತಪ್ಪಿ ಹೋತು ಅಂದಾಗಿಂದ ನಮ್ಮ ಅವ್ವ ಯಾಕ್ರಿ ನಗಾಕತ್ತಾಳ?"