ಗಿರಿಜೆಯ ಹಾಡು ಇಳಿಸಿದ್ದು

ಹೆಂಡತಿಯ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಬಾರದ ಗಂಡಸರು ಮನೆಯಲ್ಲಿ ಸದಾ ಏನಾದರೊಂದು ರಿಪೇರಿ ಮಾಡುತ್ತಿರುತ್ತಾರೆ. ನಾನೂ ಅದೇ ಪೈಕಿ. ಸಂತೇಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿ ನನ್ನದು; ಆದರೆ ಚೆನ್ನಾಗಿದ್ದ ಫ್ಯಾನು ಬಿಚ್ಚಿ ಕೆಡಿಸಿದ ಅನುಭವವೂ ಉಂಟು. ಹಾಗಾಗಿ ಮನೆಗೊಂದು ಸರ್ವರ್ ಮಾಡುತ್ತೇನೆ ಎಂದಾಗ ನನ್ನ ಹೆಂಡತಿ ಗಿರಿಜೆ ಮೊದಲು ಮಾಡಿದ ಕೆಲಸ, ಮಿಕ್ಸಿಯನ್ನು ಎತ್ತಿ ಒಳಗಿಟ್ಟದ್ದು.

ಕಾರಣ ಮಾತ್ರ ತಮಾಷೆಯದಲ್ಲ. ಗಿರಿಜೆ ಜಗಳೂರು ಕಡೆಯವಳು, ಸೋಬಾನೆ ಹಾಡುವುದರಲ್ಲಿ ಎತ್ತಿದ ಕೈ. ನ್ಯಾಮತಿಯ ಒಂದು ಮದುವೆಯಲ್ಲಿ ಆಕೆ ಹಾಡಿದ್ದನ್ನು ಹೊನ್ನಾಳಿಯ ವಿಡಿಯೋದವನು ತನ್ನ ಚಾನೆಲ್ಲಿಗೆ ಹಾಕಿದ್ದ. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಒರಟಾಯಿತು. ಅಲ್ಲಿಂದ ಆಕೆ ಹಾಡಿಲ್ಲ. ಆದರೆ ಮಧ್ಯಾಹ್ನ ಅಡುಗೆಮನೆಯಲ್ಲಿ ಸಣ್ಣ ಸೌಂಡಿಟ್ಟುಕೊಂಡು ಆ ವಿಡಿಯೋ ಕೇಳುತ್ತಾಳೆ. ನಾನು ನೀರು ಕುಡಿಯಲು ಹೋದರೆ ಗಡಬಡಿಸಿ ಯಾರದೋ ಎಣಗಾಯಿ ಪಲ್ಯದ ವಿಡಿಯೋಕ್ಕೆ ಬದಲಿಸುತ್ತಾಳೆ. ನನಗೋ ಸಂಕಟ, ನೀರು ಕುಡಿಯದೆ ವಾಪಸ್ಸು ಬರುತ್ತೇನೆ.

ಹೀಗಿರುವಾಗ ಆ ವಿಡಿಯೋದವನು ಅಂಗಡಿಗೆ ಬಂದು, “ಕ್ಯಾಮೆರಾ ಮಾರಿಬಿಟ್ಟೆ ಸಾವ್ಕಾರ್ರೆ, ಟೈಲ್ಸ್ ಧಂದೆ ಮಾಡಾಕೆ ಹೊಂಟೀನಿ. ಅಮಾಸೆಗೆ ಚಾನೆಲ್ಲೂ ತೆಗೆದುಬಿಡ್ತೀನಿ” ಎಂದ. ಚಾನೆಲ್ ಹೋದರೆ ಗಿರಿಜೆಯ ಹಾಡೂ ಹೋದಂತೆಯೇ. ಮೂಲ ವಿಡಿಯೋ ಕೇಳಿದರೆ, “ಆ ಡಿಸ್ಕು ಯಾವಾಗ್ಲೋ ಕೆಟ್ಟೋತು. ಬೇಕಾದ್ರೆ ಇಳಿಸ್ಕೊಂಡ್ಬಿಡ್ರಿ” ಎಂದು ಎದ್ದು ಹೋದ.

ಸರ್ವರ್ ಎಂದರೆ ಹೆದರಬೇಡಿ. ಅಂಗಡಿಯ ಹಳೇ ಲ್ಯಾಪ್‌ಟಾಪನ್ನು ಸದಾ ಚಾಲೂ ಇಟ್ಟು, ಮನೆಯ ವೈಫೈಯಲ್ಲಿರುವ ಫೋನುಗಳಿಗೆಲ್ಲ ಅದರೊಳಗಿನದು ಕಾಣುವಂತೆ ಮಾಡುವುದು, ಅಷ್ಟೇ. ಅದಕ್ಕೆ ವಿಡಿಯೋ ಇಳಿಸುವ ಆಪ್ ಹಾಕಬೇಕಿತ್ತು. ಕಪ್ಪು ಪರದೆಯ ಮೇಲೆ ಒಂದಕ್ಷರವೂ ಅರ್ಥವಾಗದ ಸಾಲುಗಳನ್ನು ನೋಡಿ ನೋಡಿ ಒತ್ತಿದೆ. ಏನಾಶ್ಚರ್ಯ, ಹಾಡು ಇಳಿಯಿತು! ನನ್ನ ಫೋನಿನಲ್ಲಿ ತೆರೆಯಿತು ಕೂಡ. ಆದರೆ ಕೇಳಬೇಕಾದವಳ ಫೋನಿನಲ್ಲಿ ಬರೀ ಚಕ್ರ ತಿರುಗುತ್ತಿತ್ತು. ಆಪ್ ಕಿತ್ತು ಮತ್ತೆ ಹಾಕಿದೆ. ರೂಟರನ್ನು ಕಿಟಕಿಯಿಂದ ಬೀರುವಿನ ಮೇಲಕ್ಕೇರಿಸಿದೆ, ಬೈದೆ. ಗಿರಿಜೆ ಪಾಪ, ಲ್ಯಾಪ್‌ಟಾಪಿಗೆ ವಿಭೂತಿಯನ್ನೂ ಹಚ್ಚಿದಳು. ಕೊನೆಗೆ ನೋಡಿದರೆ ಆಕೆಯ ಫೋನಿನಲ್ಲಿ ವೈಫೈಯೇ ಆಫ್!

“ಯಾಕೆ ಆರಿಸೀಯೇ ಮಾರಾಯ್ತಿ?”

“ಮತ್ತೆ? ರೀಚಾರ್ಜಿನ ನೆಟ್ ದಿನಾ ಕೊಡ್ತಾರೆ, ದಿನಾ ಮುಗಿಸ್ಬೇಕು. ಹಂಗೇ ಬಿಟ್ರೆ ದಂಡ ಆಗಲ್ವೇನ್ರೀ?”

ಎಲೆಯಲ್ಲಿ ಒಂದಗುಳು ಬಿಡದವಳು ನೆಟ್ ಬಿಟ್ಟಾಳೆಯೇ? ವೈಫೈ ಹಾಕಿದೆ. ಹಾಡು ಪೂರ್ತಿ ಸೌಂಡಿನಲ್ಲಿ ಮನೆ ತುಂಬಿತು. “ಇನ್ಮೇಲೆ ಇದು ಎಲ್ಲೂ ಹೋಗಲ್ಲ” ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳುತ್ತಿದ್ದವಳು ತಟ್ಟನೆ ಕೆನ್ನೆ ಮುಟ್ಟಿಕೊಂಡಳು.

“ಅಯ್ಯ ಶಿವನೇ! ಮದುಮಗನ ಹೆಸರು ಬರೋ ಜಾಗದಾಗೆ ನಿಮ್ಮ ಹೆಸರು ಹೇಳೀನಲ್ರೀ!”

ಹೌದು, ಓಲಗದ ಸದ್ದಿನ ನಡುವೆ ನನ್ನದೇ ಹೆಸರು. ‘ರೀ’ ಬಿಟ್ಟು ಬೇರೆ ಹೆಸರಿನಿಂದ ನನ್ನನ್ನು ಕರೆಯದವಳು! ಸಣ್ಣ ಸೌಂಡಿನಲ್ಲಿ ಇಷ್ಟು ದಿನ ಆಕೆಗೂ ಕೇಳಿಸಿರಲಿಲ್ಲ. ನಾನಂತೂ ಮದುವೆಯಲ್ಲಿ ಆಕೆ ಹಾಡುವ ಹೊತ್ತಿಗೆ ಊಟದ ಪಂಕ್ತಿಯಲ್ಲಿದ್ದೆ.

“ಯಾರ ಮದುವೆಯೋ, ಯಾರ ಹೆಸರೋ, ಥೂ!” ಎನ್ನುತ್ತ ನಗು ತಡೆಯಲಾಗದೆ ಫೋನು ನಿಲ್ಲಿಸಿದಳು. ಆಮೇಲೆ ಆ ಸಾಲನ್ನು ಸರಿಯಾದ ಹೆಸರಿಟ್ಟು ತಾನೇ ಹಾಡಿದಳು. ದನಿ ಒರಟು, ನಡುನಡುವೆ ಒಡೆಯುತ್ತಿತ್ತು. ಆದರೂ ನಿಲ್ಲಿಸಲಿಲ್ಲ, ಹಾಡನ್ನು ಕೊನೆಯವರೆಗೂ ಹಾಡಿದಳು. ನನ್ನ ಕನ್ನಡಕ ಮಂಜಾಯಿತು.

“ರೆಕಾರ್ಡ್ ಮಾಡ್ಕೊಂಡ್ರೇನು?” ಎಂದಳು.

ಒಂದು ಹಾಡು ಉಳಿಸಲು ಸರ್ವರ್ ಕಟ್ಟಿದ ಮಹಾನುಭಾವ ನಾನು. ಕೈಯಲ್ಲಿ ಫೋನಿತ್ತು. ಒತ್ತಬೇಕೆಂದು ಹೊಳೆದೇ ಇರಲಿಲ್ಲ.

“ಇಲ್ವೇ” ಎಂದೆ, ಪೆಚ್ಚಾಗಿ.

“ಹೋಗ್ಲಿ ಬಿಡ್ರಿ, ನಾಳೆ ಮತ್ತೆ ಹಾಡು ಹೇಳ್ತೀನಿ” ಎಂದಳು ಗಿರಿಜೆ, “ನಾನೆಲ್ಲಿಗೆ ಹೋಗ್ತೀನಿ?”