ಸೂತಕದಲ್ಲಿರುವ ಸಿಡಿಗಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನಾನು ದಿನಚರಿ ಬರೆಯುವವಳು ನಿಜ, ಆದರೆ ನನ್ನ ದಿನಚರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಮಾಮಾನ ಅಂಗಡಿಯ ಬಾಗಿಲು ಹಸಿರು ಎಂದು ನನ್ನ ನೆನಪು. ಮಾಮಿ ಮಾತ್ರ, "ಹಸರ ಎಲ್ಲಿಂದ ತಂದಿ ನೀ? ನಾ ಮದಿವ್ಯಾಗಿ ಬಂದಾಗಿಂದ ಅದು ನೀಲೀನ ಐತಿ" ಎನ್ನುತ್ತಾರೆ. ಇರಲಿ. ಒಂದು ಮಾತನ್ನಂತೂ ಆಣೆ ಮಾಡಿ ಹೇಳಬಲ್ಲೆ: ಚಿಕ್ಕೋಡಿಯಿಂದ ಕಾಗವಾಡದವರೆಗೆ ಹುಡುಕಿದರೂ, ಯಾರೂ ಕೇಳದಿದ್ದಾಗ ಕಾಯ್ದೆಯನ್ನು ಚಾಚೂ ತಪ್ಪದೆ ಪಾಲಿಸಿ, ಸರಕಾರವೇ ಬಂದು ಕೇಳಿದಾಗ ಆಗುವುದಿಲ್ಲ ಎಂದ ಮನುಷ್ಯ ನನ್ನ ಸೋದರಮಾವ ಒಬ್ಬರೇ!

ಮಾಮಾ ಚಿಕ್ಕೋಡಿಯಲ್ಲಿ ಹಳೆಯ ಹಾಡಿನ ಸಿಡಿಗಳನ್ನು ಕೊಂಡು ಮಾರುತ್ತಾರೆ. ಹೌದು, ಈಗಲೂ! ಎಲ್ಲರ ಕಿಸೆಯಲ್ಲೂ ಫೋನು ಹಾಡುತ್ತಿರುವಾಗ ಇವನ್ನು ಯಾರು ಕೊಳ್ಳುತ್ತಾರೆ ಎಂದು ನಾನೂ ಒಮ್ಮೆ ಕೇಳಿದ್ದೆ. "ಹಾಲಿನವನ ಮುಂದ ನಿಂತು ಹಾಲು ಯಾರು ಕುಡಿತಾರಂತ ಕೇಳ್ತಿ ಏನವಾ?" ಎಂದರು. ಅಲ್ಲಿಗೆ ವಿಷಯ ಮುಗಿಯಿತು. ಕೊಳ್ಳುವವರು ಇದ್ದಾರೆ ಅನ್ನಿ. ನಿವೃತ್ತ ಮಾಸ್ತರರು, ಪೆನ್‌ಡ್ರೈವ್ ನುಂಗದ ಹಳೆಯ ಯಂತ್ರವಿರುವ ಟೆಂಪೋದವರು, ಇನ್ನು ಮಾತಿಗೆಂದು ಬಂದು ಮುಲಾಜಿಗೆ ಕೊಳ್ಳುವವರು. ಕಪಾಟಿನಲ್ಲಿ ಮರಾಠಿ ಅಭಂಗ, ಕನ್ನಡದ ಭಜನಾ ಪದ, ಉರ್ದು ಕವ್ವಾಲಿ, ಮಂಗಸೂಳಿ ಮಲ್ಲಯ್ಯನ ಹಾಡು ಎಲ್ಲವೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ನಮ್ಮ ಭಾಗದಲ್ಲಿ ಗಡಿ ತಂಟೆ ಇಲ್ಲದ ಜಾಗ ಅದೊಂದೇ ಇರಬೇಕು.

ಈಗ ಕಾಯ್ದೆಗೆ ಬರೋಣ. ಕಳ್ಳ ನಕಲು ಸಿಡಿಗಳ ಕಾಲದಲ್ಲಿ ಒಬ್ಬ ಪೊಲೀಸ್ ಜಮಾದಾರ ಅಂಗಡಿಗೆ ಬಂದು, ಚಹಾ ಕುಡಿದು, "ಶೇಟಜಿ, ಹಳೇ ಮಾಲು ತಗೊಳ್ಳೂ ಮುಂದ ಅದು ಕೊಡಾಂವಂದ ಹೌದೋ ಅಲ್ಲೋ ನೋಡಕೋರಿ. ತಗೊಂಡ ಮ್ಯಾಲೂ ಲಗೂನ ಮಾರಬ್ಯಾಡ್ರಿ. ಕಳಕೊಂಡಾಂವ ಹುಡುಕ್ಯೋತ ಬರಬಹುದು" ಎಂದು ಹೇಳಿ ಹೋದನಂತೆ. ಆ ಜಮಾದಾರ ಚಹಾದ ಜೊತೆಗೇ ಆ ಮಾತನ್ನೂ ಮರೆತಿರಬೇಕು. ಮಾಮಾ ಮರೆಯಲಿಲ್ಲ.

ಅಂದಿನಿಂದ, ಸಿಡಿ ಮಾರಲು ಬಂದವರು ಅದು ತಮ್ಮದೇ ಎಂದು ತೋರಿಸಬೇಕು. ಹೇಗೆ? ಅದರಲ್ಲಿರುವ ಒಂದು ಹಾಡನ್ನು ಹಾಡಿ!

"ಆಧಾರ ಕಾರ್ಡ್ ಐತ್ರಿ ಮಾಮಾ, ನೋಡ್ರಿ" ಎಂದು ಒಬ್ಬ ಅಂಗಲಾಚಿದ.

"ಕಾರ್ಡಿನ್ಯಾಗ ನಿನ್ನ ಮಾರಿ ಐತಿ, ಹಾಡಿಲ್ಲ. ಹಾಡು."

"ಇಲ್ಲೇ? ರಸ್ತಾದಾಗ?"

"ಮನ್ಯಾಗ ಕೇಳಿದ್ರ ರಸ್ತಾದಾಗ ಹಾಡಾಕ ಬರತೈತಿ. ಕದ್ದಿದ್ರ ಬರಂಗಿಲ್ಲ."

ಅವನು ಹಾಡಿದ. ಎದುರಿನ ಚಪ್ಪಲಿ ಅಂಗಡಿಯ ಗಿರಾಕಿಗಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಗೆ ಬಂದು ನಿಂತರು. ಶ್ರುತಿ ಎಲ್ಲೋ, ತಾಳ ಎಲ್ಲೋ! ಮಾಮಾ ಕಣ್ಣುಮುಚ್ಚಿ ಕೇಳಿ, "ಹೌದು, ಇದು ನಿಂದ. ಕದ್ದಾಂವ ಆಗಿದ್ರ ಇಷ್ಟು ಧೈರ್ಯಾದಿಂದ ಹಾಡತಿದ್ದಿಲ್ಲ" ಎಂದು ಸಿಡಿ ತೆಗೆದುಕೊಂಡರು. ಇನ್ನೊಬ್ಬ ಪುಣ್ಯಾತ್ಮ ತಂದದ್ದು ಯೋಗಾಸನದ ಸಿಡಿ. ಅದರಲ್ಲಿ ಹಾಡೇ ಇಲ್ಲ. ಹಾಗೆಂದು ಕಾಯ್ದೆ ಸುಮ್ಮನಿರುತ್ತದೆಯೇ? ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಟ್ಟರು. ಆತ ಮಂಡಿಗೆ ಹಣೆ ಮುಟ್ಟಿಸಿದನಂತೆ, ಆಮೇಲೆ ಮೇಲೇಳಲು ಇಬ್ಬರು ಹಿಡಿಯಬೇಕಾಯಿತಂತೆ. ಇದನ್ನು ನಾನು ಕಂಡೆನೋ, ಮಾಮಿ ಹೇಳಿದ್ದನ್ನು ಕಂಡಂತೆ ನೆನಪಿಟ್ಟುಕೊಂಡೆನೋ ಹೇಳಲಾರೆ.

ಕೊಂಡ ಸಿಡಿ ನೇರವಾಗಿ ಮಾರಾಟಕ್ಕೂ ಬರುವಂತಿಲ್ಲ. ಒಳಗಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾರೆ. ಈ ಕಾಯುವಿಕೆಗೆ ಮಾಮಾ ಇಟ್ಟ ಹೆಸರು ಸೂತಕ. "ಮನಷಾ ಸಿಟ್ಟಿನ್ಯಾಗ ಮಾರತಾನ. ಮಗಳ ಮದಿವಿ ಅಂತ, ಮನಿ ಬಿಡೋದೈತಿ ಅಂತ ಮಾರತಾನ. ಆಮ್ಯಾಲ ಮನಸ ಕರಗತೈತಿ. ಕರಗೂ ತನಕಾ ಕಾಯಬೇಕು" ಎಂಬುದು ಅವರ ಲೆಕ್ಕ. ಗಿರಾಕಿಗಳೂ ಒಗ್ಗಿಬಿಟ್ಟಿದ್ದಾರೆ. ಯಡೂರಿನಿಂದ ಬಂದವರೊಬ್ಬರು ಬಾಗಿಲಲ್ಲೇ ನಿಂತು, "ಆ ಅಭಂಗದ್ದು ಸೂತಕಾ ಕಳೀತೇನ್ರಿ?" ಎಂದು ಎಷ್ಟು ಗಂಭೀರವಾಗಿ ಕೇಳಿದರೆಂದರೆ, ಹಾದು ಹೋಗುತ್ತಿದ್ದ ಮುದುಕಿಯೊಬ್ಬಳು, "ಅಯ್ಯ, ಯಾರು ತೀರಕೊಂಡ್ರವಾ?" ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

"ಮನಷಾರು ಸತ್ರೂ ಇಷ್ಟು ದಿನಾ ಸೂತಕಾ ಹಿಡ್ಯಂಗಿಲ್ಲ" ಎಂದು ಮಾಮಿ ಗೊಣಗುತ್ತಾರೆ. "ಮನಷಾ ತಿರಗಿ ಬರಂಗಿಲ್ಲಲ್ಲ, ಅದಕ್ಕ" ಎಂದು ಮಾಮಾ ಉತ್ತರಿಸುತ್ತಾರೆ.

ಒಮ್ಮೆ ಅಥಣಿ ಕಡೆಯ ದ್ರಾಕ್ಷಿ ತೋಟದವನೊಬ್ಬ ಬಂದ. ಬಳ್ಳಿಗಳ ಮೇಲೆ ಸಿಡಿ ಕಟ್ಟಿದರೆ ಬಿಸಿಲಿಗೆ ಹೊಳೆದು ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲವಂತೆ. "ಯಾವ ಹಾಡು ಬೇಕು?" ಎಂದರು ಮಾಮಾ.

"ಯಾವುದಾದ್ರೇನ್ರಿ? ಹೊಳದ್ರ ಸಾಕು."

ಮಾಮಾನ ಮುಖ ಕೆಂಪಾಯಿತು. ಹಾಡು ಕೇಳಿ ಹಕ್ಕಿ ಬರಬೇಕೇ ಹೊರತು ಓಡಬೇಕೇ! ಕೊನೆಗೆ ಯಾರದೋ ಭಾಷಣದ ಸಿಡಿಗಳ ಕಟ್ಟೊಂದನ್ನು ತೆಗೆದುಕೊಟ್ಟರು. "ಇವನ್ನ ಕಟ್ರಿ. ಇವು ಮನಷಾರನ್ನ ಓಡಿಸ್ಯಾವು, ಗುಬ್ಬಿ ಯಾವ ಲೆಕ್ಕ?"

ಹೀಗಿರುವಾಗ ಒಂದು ದಿನ ನಿಜವಾದ ಸರಕಾರವೇ ಬಂತು. ಲೈಸೆನ್ಸ್ ಕಚೇರಿಯ ಸಾಹೇಬರು, ಮೃದು ಮಾತಿನ ತರುಣ. ಹಳೆಯ ಮಾಲು ಕೊಂಡು ಮಾರುವ ಅಂಗಡಿಗಳೆಲ್ಲ ಲೈಸೆನ್ಸ್ ಮಾಡಿಸಬೇಕು, ಕೊಟ್ಟವರ ಗುರುತು ಕೇಳಬೇಕು, ಕೊಂಡದ್ದನ್ನು ಕೆಲವು ದಿನ ಹಾಗೆಯೇ ಇಡಬೇಕು ಎಂದು ಓದಿ ಹೇಳಿದರು. ನಿಯಮ ಇದ್ದದ್ದೇ ಹಾಗೋ, ನನ್ನ ಮಾಮಾಗೆ ಕೇಳಿಸಿದ್ದು ಹಾಗೋ! ಮಾಮಾ ಮಾತ್ರ ಹಿಗ್ಗಿ ಹೀರೇಕಾಯಿಯಾದರು. "ಸಾಹೇಬ್ರ, ನೀವು ಶಾಲಿಗೆ ಹೋಗೂ ಮೊದ್ಲಿಂದ ಇದನ್ನ ನಾ ಮಾಡಾಕತ್ತೀನಿ! ಎಲ್ಲಿ ಸಹಿ ಮಾಡ್ಲಿ?"

ಸಾಹೇಬರು ಜಾಗ ತೋರಿಸಿದರು. ಅದರ ಪಕ್ಕದಲ್ಲಿ ವ್ಯಾಪಾರದ ಹೆಸರು ಇತ್ತು: ಗುಜರಿ.

ಮಾಮಾ ಪೆನ್ನನ್ನು ಕೆಳಗಿಟ್ಟರು. "ಇಲ್ಲಿ ಸಂಗೀತ ಅಂತ ಬರೀರಿ."

"ಅಂಥಾ ಬಾಬ್ತು ಇಲ್ರಿ. ಹಳೇ ಮಾಲು ಅಂದ್ರ ಗುಜರೀನ."

"ಹಾಡು ಹಳೇದಾಗತೈತೇನ್ರಿ?"

"ಹಾಡು ಆಗಂಗಿಲ್ರಿ. ಸಿಡಿ ತಟ್ಟಿ ಹಳೇದಾಗತೈತಲ್ರಿ."

ತಿಂಗಳ ಕೊನೆಯವರೆಗೆ ಸಮಯ ಕೊಟ್ಟು, ಆಮೇಲೆ ಬಾಗಿಲು ಮುಚ್ಚಿಸಬೇಕಾಗುತ್ತದೆ ಎಂದು ಬಹಳ ಸಂಕೋಚದಿಂದ ಹೇಳಿ ಸಾಹೇಬರು ಹೋದರು. "ಗುಜರಿ ಅಂದ್ರ ಅನ್ಲಿ ಬಿಡ್ರಿ, ಇಷ್ಟು ವರ್ಷ ನಾ ನಿಮಗ ಏನೇನು ಅಂದೀನಿ, ಅದಕ್ಕಿಂತ ಇದು ಛಲೋ ಐತಲ್ಲ" ಎಂದರು ಮಾಮಿ. ಮಾಮಾ ನಗಲಿಲ್ಲ. ಮುರಿದ ಕೊಡ, ತುಕ್ಕು ಹಿಡಿದ ಮೊಳೆಗಳ ಸಾಲಿನಲ್ಲಿ ತಮ್ಮ ಹಾಡುಗಳನ್ನು ಕೂರಿಸುವುದಕ್ಕಿಂತ ಅಂಗಡಿಯನ್ನೇ ಮುಚ್ಚುತ್ತೇನೆ ಎಂದರು. ಹಟವೆಂದರೆ ಹಟ. ದ್ರಾಕ್ಷಿ ತೋಟದವನಿಗೆ ಫೋನು ಮಾಡಿ, "ಬಂದು ಎಲ್ಲಾ ಒಯ್ಯಿರಿ. ಹೊಳಿತಾವು" ಎಂದರು. ಆ ದನಿ ಕೇಳಿ ನನಗೆ ತಮಾಷೆ ಮಾಡುವ ಧೈರ್ಯವಾಗಲಿಲ್ಲ.

ಸಿಡಿಗಳನ್ನು ಚೀಲಕ್ಕೆ ತುಂಬುವ ದಿನ ನಾನೂ ಅಲ್ಲಿದ್ದೆ. ಹೊತ್ತು ಇಳಿಯುತ್ತಿತ್ತು. ನಾವು ಜೈನರು, ಸೂರ್ಯ ಮುಳುಗುವ ಮುಂಚೆ ಮಾಮಾನ ಊಟ ಆಗಬೇಕು. ಇನ್ನೇನು ಬಾಗಿಲು ಎಳೆಯಬೇಕು, ಒಬ್ಬ ಹೆಂಗಸು ಓಡುತ್ತ ಬಂದಳು. ಜುಗೂಳದವಳು. ಅವಳ ತಮ್ಮ ಮನೆ ಖಾಲಿ ಮಾಡುವಾಗ ಸಿಡಿಗಳ ಡಬ್ಬಿಯನ್ನೇ ಇಲ್ಲಿ ಮಾರಿದ್ದಾನೆ. ಅದರಲ್ಲಿ ಒಂದು, ತೀರಿಹೋದ ಅವಳ ಅಪ್ಪನದು. ಊರಿನ ಭಜನಾ ಮೇಳದವರು ಮಾಡಿಸಿದ್ದು, ಮೇಲೆ ಹೆಸರಿಲ್ಲ, ಚಿತ್ರವಿಲ್ಲ.

"ಅದರಾಗಿನ ಒಂದು ಪದ ಹಾಡ್ರಿ" ಎಂದರು ಮಾಮಾ, ರೂಢಿಯಂತೆ.

"ನನಗ ಹಾಡಾಕ ಬರಂಗಿಲ್ರಿ ಅಣ್ಣಾರ. ಪದದ ನಡುವ ನಮ್ಮಪ್ಪ ಕೆಮ್ಮತಾನ್ರಿ. ಕೆಮ್ಮಿ, 'ಹೂಂ, ಬಿಡಬ್ಯಾಡ್ರಿ, ನಡೀಲಿ' ಅಂತಾನ್ರಿ. ಅದಷ್ಟ ಗೊತ್ತೈತಿ."

ಮಾಮಾ ಚೀಲವನ್ನು ಕೆಳಗೆ ಸುರಿದರು. ಹೆಸರಿಲ್ಲದವನ್ನು ಆರಿಸಿ ಒಂದೊಂದಾಗಿ ಯಂತ್ರಕ್ಕೆ ಹಾಕತೊಡಗಿದರು. ಭಜನೆ, ಭಜನೆ, ಯಾರದೋ ಮದುವೆಯ ಬ್ಯಾಂಡು, ಮತ್ತೆ ಭಜನೆ. ಮಾಮಿ ಎರಡು ಸಲ ಫೋನು ಮಾಡಿದರು. ಹೊರಗೆ ಬೆಳಕು ಹೋಯಿತು. ಮಾಮಾನ ಅಂದಿನ ಊಟವೂ ಹೋಯಿತು. ಆಮೇಲೆ ಒಂದು ಸಿಡಿಯಲ್ಲಿ, ತಾಳದ ಸದ್ದಿನ ನಡುವೆ, ಒಬ್ಬ ಮುದುಕ ಕೆಮ್ಮಿದ. "ಹೂಂ, ಬಿಡಬ್ಯಾಡ್ರಿ, ನಡೀಲಿ."

ಹೆಂಗಸು ಗಲ್ಲದ ಮೇಲೆ ಸೆರಗು ಒತ್ತಿಕೊಂಡು, ನಗುತ್ತಲೇ ಅತ್ತಳು. ಹಾಡಿಗಾಗಿ ಅಲ್ಲ, ಕೆಮ್ಮಿಗಾಗಿ. ಮಾಮಾ ಅದನ್ನು ಮತ್ತೊಮ್ಮೆ ಹಾಕಿ ಕೇಳಿಸಿ, ಸಿಡಿಯನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿ ಅವಳ ಕೈಗಿಟ್ಟರು.

ಮರುದಿನ ಮಾಮಾ ಲೈಸೆನ್ಸ್ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದರಂತೆ. "ಬರೀರಿ ಸಾಹೇಬ್ರ. ಗುಜರಿ ಅಂತನ ಬರೀರಿ."

ಸಾಹೇಬರೇ ಕಕ್ಕಾಬಿಕ್ಕಿ. "ಯಾಕ್ರಿ, ಏನಾತು?"

"ಬಾಗಲಾ ಮುಚ್ಚಿದ್ರ ತಿರಗಿ ಬರಾವ್ರು ಎಲ್ಲಿಗೆ ಬರಬೇಕು?"

ಈಗ ಬಾಗಿಲ ಮೇಲೆ ಲೈಸೆನ್ಸ್ ತೂಗುತ್ತಿದೆ. ದ್ರಾಕ್ಷಿ ತೋಟದವನು ಬರಿಗೈಯಲ್ಲಿ ಹೋದ, ಬಯ್ದುಕೊಂಡೇ ಹೋದ. ಕೆಲವು ದಿನಗಳ ನಂತರ ಮಧ್ಯಾಹ್ನ ನಾನು ಅಂಗಡಿಯಲ್ಲಿ ಕುಳಿತಿದ್ದೆ. ಊರವರೆಲ್ಲರಿಂದ ಹಾಡಿಸಿದ ಈ ಮನುಷ್ಯ ಒಂದು ಸಾಲನ್ನಾದರೂ ಗುನುಗಿದ್ದನ್ನು ನಾನು ಕೇಳಿದ್ದೇನೆಯೇ ಎಂದು ಯೋಚಿಸಿದೆ. ಎಷ್ಟು ಯೋಚಿಸಿದರೂ ಕಿವಿಗೆ ಏನೂ ಬರಲಿಲ್ಲ. ಹೆದರಿಕೆಯಾಯಿತು. ಕೇಳಿಯೇಬಿಟ್ಟೆ. ಮಾಮಾ ಕೈಯಲ್ಲಿದ್ದ ಸಿಡಿಯನ್ನು ಬೆಳಕಿಗೆ ಹಿಡಿದು, ಇಲ್ಲದ ಗೀರು ಹುಡುಕತೊಡಗಿದರು. ನಾನು ಕೇಳಿದ್ದು ಇಷ್ಟೇ:

"ಮಾಮಾ, ನಿಮ್ಮ ದನಿ ಯಾವ ಸಿಡಿಯಾಗ ಐತ್ರಿ?"