ಆಕ್ಷೇಪಣೆ ಇಲ್ಲದವರ ಕಟ್ಟಡ

ಸಿಟ್ಟು ಬಂದಾಗ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ದಿನಚರಿ ಬರೆಯುವ ಚಟವಿರುವುದರಿಂದ ಇದು ಗೊತ್ತಾಗಿದೆ. ಎದುರಿನವರ ಮುಖಕ್ಕೇ ಹೇಳಿದೆನೆಂದು ನಾನು ನಂಬಿಕೊಂಡಿರುವ ಎಷ್ಟೋ ಖಡಕ್ ಮಾತುಗಳನ್ನು, ಹಳೆಯ ಪುಟ ತೆರೆದು ನೋಡಿದರೆ, ಮನೆಗೆ ಬಂದು ಕುಕ್ಕರಿನ ಮುಂದೆ ಹೇಳಿರುತ್ತೇನೆ. ಆದ್ದರಿಂದ ಮೊದಲೇ ಒಪ್ಪಿಕೊಳ್ಳುತ್ತೇನೆ: ನಾನು ಹೇಳಹೊರಟಿರುವ ಶಾಲೆಯ ಸಭೆ ನಡೆದದ್ದು ಮಂಗಳವಾರವೋ ಗುರುವಾರವೋ, ಅಧ್ಯಕ್ಷರ ಸ್ವೆಟರ್ ಹಸಿರೋ ನೀಲಿಯೋ, ಖಾತ್ರಿಯಿಲ್ಲ. ಸಿಟ್ಟು ಮಾತ್ರ ಖಾತ್ರಿ. ಅದು ಇನ್ನೂ ಬಿಸಿಯಾಗಿಯೇ ಇದೆ.

ನಾವಿರುವುದು ಡಚ್ಚರ ನಾಡಿನಲ್ಲಿ, ಹೂಫ್‌ಡಾರ್ಪ್ ಎಂಬ ಊರಿನ ಕಡೆಯ ಒಂದು ಬಡಾವಣೆಯಲ್ಲಿ, ಮುಕ್ಕಾಲು ಪಾಲು ನಮ್ಮ ಕಡೆಯವರೇ ತುಂಬಿರುವ ಆರು ಮಹಡಿಯ ಕಟ್ಟಡದಲ್ಲಿ. ಹಿಂದೆ ಕಾಲುವೆ, ಅದರ ಮೇಲೊಂದು ಪುಟ್ಟ ಸೇತುವೆ, ಆಚೆ ಶಾಲೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಆ ದಿನ ಯಾವ ಮಗು ಟೋಪಿ ಕಳೆದುಕೊಂಡಿತು ಎಂಬುದೂ ಕಾಣುತ್ತದೆ. ಮಗಳು ಧೃತಿಗೆ ಇನ್ನು ಮೂರು ತಿಂಗಳಲ್ಲಿ ನಾಲ್ಕು ತುಂಬುತ್ತದೆ. ಇಲ್ಲಿ ನಾಲ್ಕಕ್ಕೇ ಶಾಲೆ. ಪಕ್ಕದ ಮನೆಯ ಜೋಯಾ ಆಗಲೇ ಅಲ್ಲಿ ಸೇರಿರುವುದರಿಂದ, ತನ್ನ ಚೀಲ ನೇತುಹಾಕಲು ಅವಳ ಪಕ್ಕದ ಗೂಟವನ್ನೂ ಧೃತಿ ಆರಿಸಿಕೊಂಡಾಗಿದೆ. ಅಷ್ಟರಲ್ಲಿ ಮಕ್ಕಳು ಹೆಚ್ಚಾದರು, ಕೋಣೆ ಸಾಲದು ಎಂದು ಶಾಲಾ ಮಂಡಳಿಯವರು ಯಾವ ಬೀದಿಗೆ ಯಾವ ಶಾಲೆ ಎಂಬ ಗಡಿಯನ್ನು ಹೊಸದಾಗಿ ಎಳೆಯಲು ಹೊರಟರು. ಗೆರೆ ಹೋದದ್ದು ಕಾಲುವೆಯ ನಟ್ಟನಡುವೆ. ಈಗಿರುವ ಮಕ್ಕಳು ಅಲ್ಲೇ ಉಳಿಯಬಹುದಂತೆ. ನಮ್ಮ ಕಟ್ಟಡದ ಹೊಸಬರು ಹೆದ್ದಾರಿಯ ಆಚೆಯ ಶಾಲೆಗೆ. ಸೈಕಲ್ಲಿನಲ್ಲಿ ಬರೀ ಹದಿನೈದು ನಿಮಿಷ. ಆ ಹದಿನೈದು ನಿಮಿಷ ಡಚ್ಚರ ಕಾಲಿನದು. ನಾನು ಎದುರುಗಾಳಿಯಲ್ಲಿ ಪೆಡಲ್ ಮೇಲೆ ನಿಂತು ಏದುಸಿರು ಬಿಡುತ್ತಿದ್ದರೆ, ಎಪ್ಪತ್ತು ದಾಟಿದ ಅಜ್ಜಿಯರು ಎರಡು ಚೀಲ ತರಕಾರಿ ಹೇರಿಕೊಂಡು ನಗುತ್ತಾ ಕೈಬೀಸಿ ಮುಂದೆ ಹೋಗುತ್ತಾರೆ.

ಸಭೆ ಶಾಲೆಯ ವ್ಯಾಯಾಮದ ಹಾಲಿನಲ್ಲಿ. ಜೊತೆಗೆ ಜೋಯಾಳ ತಾಯಿ, ದಾವಣಗೆರೆಯ ನಸೀಮಾ. "ನೀನೇ ಮಾತಾಡು ಕಣೇ, ಎಮ್ಮೇ ಓದಿರೋಳು. ನಾನ್ ಹಿಂದಿನ್ ಸಾಲಲ್ಲಿ ಕೂತು ಜೋರಾಗಿ ಹೂಂ ಅಂತೀನಿ" ಎಂದಿದ್ದಳು. ನಾನು ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಡಚ್ಚಿನಲ್ಲಿ ಗುಡುಗಿದೆ: ಗಂಟೆ ಬಾರಿಸಿದರೆ ನನ್ನ ಅಡುಗೆಮನೆಗೆ ಕೇಳುತ್ತದೆ, ಅಂಥ ಶಾಲೆಗೆ ನನ್ನ ಮಗಳು ಸೇರುವಂತಿಲ್ಲವೇ? ನಮ್ಮನ್ನು ಒಂದು ಮಾತು ಕೇಳಿದಿರಾ? ಮಂಡಳಿಯ ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಬಂದವರಿಗೆ ಇಂಥ ಸಭ್ಯತೆಯಷ್ಟು ದೊಡ್ಡ ಅವಮಾನ ಇನ್ನೊಂದಿಲ್ಲ.

"ಕೇಳಿದ್ದೆವು, ಮೆವ್ರೌ" ಎಂದರು; ಮೇಡಂ ಎನ್ನುವುದಕ್ಕೆ ಇಲ್ಲಿ ಹಾಗೆ. "ಚಳಿಗಾಲದಲ್ಲಿ ಎಲ್ಲ ಮನೆಗೂ ಫಾರ್ಮ್ ಕಳಿಸಿದ್ದೆವು."

ಪರದೆಯ ಮೇಲೆ ನಕ್ಷೆ ಬಂತು. ಆಕ್ಷೇಪಣೆ ಬಂದ ಬೀದಿಗಳೆಲ್ಲ ಕೆಂಪು. ಅಲ್ಲೊಬ್ಬ ಮಹಾನುಭಾವ, ಮಕ್ಕಳೇ ಇಲ್ಲದವನು, ತನ್ನ ನಾಯಿ ವಾಯುವಿಹಾರಕ್ಕೆ ಹೋಗುವ ದಾರಿಯಲ್ಲಿ ಸೈಕಲ್ಲುಗಳು ಹೆಚ್ಚುತ್ತವೆ ಎಂದು ಮೂರು ಪುಟ ಬರೆದಿದ್ದನಂತೆ. ಕೆಂಪಿನ ನಡುವೆ ಒಂದೇ ಒಂದು ಹಸಿರು ಚೌಕ, ನಮ್ಮ ಕಟ್ಟಡ. ಎಲ್ಲ ಮನೆಯಿಂದಲೂ ಒಂದೇ ಉತ್ತರ: ಆಕ್ಷೇಪಣೆ ಇಲ್ಲ. "ಆದ್ದರಿಂದ ಗೆರೆ ಅಲ್ಲಿ ಸುಲಭವಾಯಿತು. ನಿಮ್ಮವರು ತುಂಬಾ ಸಹಕಾರ ಕೊಡುತ್ತಾರೆ" ಎಂದರು, ನಿಜವಾದ ಕೃತಜ್ಞತೆಯಿಂದ. ಹಿಂದಿನ ಸಾಲಿನಿಂದ ನಸೀಮಾ ಸರಿಯಾಗಿ ಆಗಲೇ "ಹೂಂ" ಅಂದಳು.

ಮನೆಗೆ ಬಂದು ಗಂಡ ಗಿರೀಶನ ಮೇಲೆ ಹರಿಹಾಯ್ದೆ.

"ನಾನೂ ಟಿಕ್ ಮಾಡ್ದೆ. ಬಿಲ್ಡಿಂಗ್ ಗ್ರೂಪಲ್ಲಿ ಬಂದಿತ್ತಲ್ಲ, ಎಲ್ರೂ ನೋ ಅಬ್ಜೆಕ್ಷನ್ ಹಾಕಿ, ಪರ್ಮಿಟ್ ರಿನ್ಯೂವಲ್ ಟೈಮಲ್ಲಿ ಸುಮ್ನೆ ಯಾಕೆ ತಲೆನೋವು ಅಂತ."

"ನಿನ್ ಮಗಳ ಸ್ಕೂಲು ಗಿರಿ ಅದು!"

"ಪರ್ಮಿಟ್ಟೂ ನನ್ ಮಗಳದ್ದೇ ಅಲ್ವಾ?"

ನನ್ನ ಸಿಟ್ಟು ಇಮ್ಮಡಿಯಾಯಿತು. ಶಾಲೆಯ ಗಡಿಗೂ ವಾಸದ ಪರ್ಮಿಟ್ಟಿಗೂ ಏನು ಸಂಬಂಧ? ಕೆಲಸದಲ್ಲಿ ಮ್ಯಾನೇಜರನ ತಪ್ಪನ್ನು ಹತ್ತು ಸ್ಲೈಡಿನಲ್ಲಿ ತೋರಿಸುವ ಜನ ನಾವು. ಸರ್ಕಾರಿ ಲಾಂಛನವಿರುವ ಲಕೋಟೆ ಬಂದರೆ ಒಳಗೇನಿದೆ ಎಂದು ನೋಡುವ ಮೊದಲೇ ಒಪ್ಪಿಗೆ ಕೊಟ್ಟಿರುತ್ತೇವೆ. ಬೇಡ ಎಂದವರ ಹೆಸರು ಎಲ್ಲೋ ದಾಖಲಾಗುತ್ತದೆ ಎಂಬ ಭಯವನ್ನು ನಾವು ಉಪ್ಪಿನಕಾಯಿಯ ಜೊತೆಗೇ ಪ್ಯಾಕ್ ಮಾಡಿ ತಂದಿದ್ದೇವೆ.

ಆ ಮೆಸೇಜ್ ಹಾಕಿದ ಹೇಡಿ ಯಾರು? ಎರಡನೇ ಮಹಡಿಯ ವೆಂಕಟೇಶ್ ಎಂದು ನಾನು ತೀರ್ಮಾನಿಸಿದೆ. ಪುರಾವೆ ಇರಲಿಲ್ಲ, ಗುಂಪಿನ ಹಳೆಯ ಸಂದೇಶಗಳು ತಾವಾಗಿಯೇ ಅಳಿಸಿಹೋಗುತ್ತವೆ. ಅವರು ಪಾಪ, ಬಾಗಿಲು ಮುಚ್ಚದಂತೆ ಕಾಲು ಅಡ್ಡವಿಟ್ಟು ನನಗಾಗಿ ಲಿಫ್ಟ್ ನಿಲ್ಲಿಸಿದರೂ ನಾನು ಮೂರು ದಿನ ಮೆಟ್ಟಿಲು ಹತ್ತಿದೆ. ನಾಲ್ಕನೇ ದಿನ, ಅವರ ಅಪರಾಧದ ದಿನಾಂಕ ಹುಡುಕಲು ದಿನಚರಿ ತೆರೆದೆ. ಫಾರ್ಮ್ ಬಂದ ವಾರದ ಪುಟದಲ್ಲಿ ಇದ್ದದ್ದು ಒಂದೇ ಸಾಲು: "ಸ್ಕೂಲಿನ ಫಾರ್ಮ್ ಬಂತು. ಗ್ರೂಪಿಗೆ ಹೇಳಿದೆ."

ಏನು ಹೇಳಿದೆ? ಬರೆದಿಲ್ಲ. ಆದರೆ "ಸುಮ್ನೆ ಯಾಕೆ ತಲೆನೋವು" ಎನ್ನುವುದು ದಿನಕ್ಕೆ ಹತ್ತು ಸಲ ಈ ಮನೆಯಲ್ಲಿ ಕೇಳುವ ಮಾತು. ಹೇಳುವವಳು ನಾನೇ.

ಲಿಖಿತ ಆಕ್ಷೇಪಣೆಗೆ ಇನ್ನೂ ಹತ್ತು ದಿನ ಅವಕಾಶವಿದೆ. ಈಗ ಮನೆಮನೆಗೆ ಹೋಗಿ ಸಹಿ ಕೇಳುತ್ತಿದ್ದೇನೆ. "ಇದಕ್ಕೆ ಸೈನ್ ಹಾಕಿದ್ರೆ ಏನೂ ಆಗಲ್ಲ ತಾನೆ?" ಎಂದು ಎಲ್ಲರೂ ಕೇಳುತ್ತಾರೆ. ಭಯ ಪಡಬೇಡಿ ಎಂದು ಭಾಷಣ ಮಾಡುತ್ತೇನೆ. ವೆಂಕಟೇಶ್ ಮಾತ್ರ ಏನೂ ಕೇಳದೆ ಸಹಿ ಹಾಕಿ, ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಐದನೇ ಮಹಡಿಯಲ್ಲಿ ನನ್ನ ದೊಡ್ಡಪ್ಪನ ಮಗಳು ಶೈಲಕ್ಕ ಇದ್ದಾಳೆ. ಗುಂಪಿಗೆ ಬಂದದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡುವುದು ಅವಳ ಹವ್ಯಾಸ. ಅವಳಿಗೊಂದು ಪ್ರಶ್ನೆ ಕಳಿಸಿದೆ. ನೀಲಿ ಟಿಕ್ ಬಿದ್ದು ನಾಲ್ಕು ದಿನವಾಯಿತು. ನಿನ್ನೆ ಮೆಟ್ಟಿಲಲ್ಲಿ ಸಿಕ್ಕಾಗ "ಧೃತಿಗೆ ಹೆಲ್ಮೆಟ್ ತಗೊಂಡ್ಯೇನೇ?" ಎಂದಷ್ಟೇ ಕೇಳಿ ಇಳಿದುಹೋದಳು. ನಾನು ಕೇಳಿದ್ದು ಇಷ್ಟೇ: "ಅಕ್ಕಾ, ಆ ಮೆಸೇಜ್ ಹಾಕಿದ್ದು ನಾನೇನಾ?"